ನಿಮಗಿದು ಗೊತ್ತೇ? ಊಟ ಬೇಡವೆನ್ನುವುದೆಲ್ಲ ಹಠವಲ್ಲ!

● ಕೆಲವು ಮಕ್ಕಳು ನಾಲ್ಕೈದು ತಿನಿಸು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಇದರಿಂದ ಬೆಳವಣಿಗೆ, ಆರೋಗ್ಯ ಕೆಟ್ಟರೆ ಅದು ‘ಆರ್ಫಿಡ್’ ಎಂಬ ಕಾಯಿಲೆಯಿರಬಹುದು. ಅಮೆರಿಕದ ಮನೋವೈದ್ಯರ ಸಂಘ ಇದನ್ನು ತನ್ನ ಡಿಎಸ್‌ಎಂ–5 ಮನೋರೋಗ ಕೈಪಿಡಿಗೆ ಸೇರಿಸಿದ್ದು 2013ರಲ್ಲಿ.

● ಅನೊರೆಕ್ಸಿಯಾ ಎಂಬ ಊಟ ಬಿಡುವ ಕಾಯಿಲೆ ಇರುವವರಿಗೆ ದಪ್ಪಗಾಗುವ ಭಯ. ಆರ್ಫಿಡ್‌ನಲ್ಲಿ ಆ ಭಯವಿಲ್ಲ. ವ್ರತ, ಉಪವಾಸ, ಬಡತನದ ಹಸಿವು ಇದರ ಲೆಕ್ಕಕ್ಕೆ ಬರುವುದಿಲ್ಲ.

● ಇದರ ಮುಖ ಮೂರು. ಕೆಲವರಿಗೆ ರುಚಿ, ವಾಸನೆ, ಸ್ಪರ್ಶ ಸಹಿಸಲಾಗದು: ಮೊಸರನ್ನದಲ್ಲಿ ಒಂದು ಸಾಸಿವೆ ಕಾಳು ಹಲ್ಲಿಗೆ ಸಿಕ್ಕರೂ ಓಕರಿಕೆ. ಕೆಲವರಿಗೆ ಹಸಿವೇ ಗೊತ್ತಾಗದು. ಇನ್ನು ಕೆಲವರಿಗೆ ಗಂಟಲಲ್ಲಿ ಸಿಕ್ಕೀತು, ವಾಂತಿಯಾದೀತು ಎಂಬ ಅಂಜಿಕೆ.

● ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಮುಖ ತಿರುಗಿಸುವುದು ಸಹಜ. ತೂಕ ಏರದಿದ್ದರೆ, ಬಳಲಿದರೆ, ಊಟದ ಹೆದರಿಕೆಗೆ ಮದುವೆ ಮನೆ, ಶಾಲಾ ಪ್ರವಾಸ ತಪ್ಪಿಸಿಕೊಂಡರೆ ತಡಮಾಡಬೇಡಿ.

● ಮೈತುಂಬಿಕೊಂಡ ಮಗುವಿಗೂ ಇದು ಬರಬಹುದು. ಫ್ರೆಂಚ್ ಫ್ರೈಸ್, ಚಿಪ್ಸ್, ಬಿಳಿ ಬ್ರೆಡ್, ಸಂಸ್ಕರಿಸಿದ ಮಾಂಸವನ್ನಷ್ಟೇ ತಿನ್ನುತ್ತಿದ್ದ ಬ್ರಿಟನ್ನಿನ ಹುಡುಗನೊಬ್ಬ 17ರ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಪ್ರಕರಣವನ್ನು ಬ್ರಿಸ್ಟಲ್ ವೈದ್ಯರು 2019ರಲ್ಲಿ ಪ್ರಕಟಿಸಿದರು. ಅವನ ತೂಕ ಸರಿಯಾಗಿಯೇ ಇತ್ತು. ಕೊರತೆಯಿದ್ದದ್ದು ಬಿ12, ತಾಮ್ರ, ಡಿ ಜೀವಸತ್ವದಂಥ ಪೋಷಕಾಂಶಗಳಲ್ಲಿ.

● ತಪಾಸಣೆ ಶುರುವಾಗುವುದು ಎತ್ತರ, ತೂಕದ ಹಳೆಯ ದಾಖಲೆಗಳಿಂದ. ಹಾಗಾಗಿ ಲಸಿಕೆ ಕಾರ್ಡ್ ಜೊತೆಗೊಯ್ಯಿರಿ. ನಾಡಿ, ರಕ್ತದೊತ್ತಡ, ಕಬ್ಬಿಣಾಂಶ, ಬಿ12 ನೋಡುತ್ತಾರೆ. ಮಲಬದ್ಧತೆ, ಹುಳಿತೇಗು, ಗೋಧಿ ಒಗ್ಗದಿರುವ ಸೀಲಿಯಾಕ್ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

● ಹಗಲಿನಲ್ಲಿ ಎಚ್ಚರವಿದ್ದಾಗಲೂ ಹೃದಯ ಬಡಿತ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ದಾಖಲಿಸಬೇಕಾಗಬಹುದು. ತೀರಾ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದೂ ಅಪಾಯ. ರಕ್ತದಲ್ಲಿನ ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತು ಬಂದೀತು.

● ಇದಕ್ಕೆಂದೇ ಇರುವ ಗುಳಿಗೆ ಯಾವುದೂ ಇಲ್ಲ. ಮುಖ್ಯ ಚಿಕಿತ್ಸೆ ಆಪ್ತಸಮಾಲೋಚನೆ ಮತ್ತು ಹಂತಹಂತದ ಅಭ್ಯಾಸ. ಹೊಸ ತಿನಿಸನ್ನು ಮೊದಲು ನೋಡುವುದು, ಮುಟ್ಟುವುದು, ಮೂಸುವುದು, ನಾಲಗೆಗೆ ತಾಗಿಸುವುದು, ಆಮೇಲೆ ಅಗಿಯುವುದು. ಕ್ಯಾರೆಟ್ಟಿನ ಚಿಕ್ಕ ಚೂರೊಂದನ್ನು ಬೆರಳಲ್ಲಿ ಹಿಡಿದರೆ ಅವತ್ತಿಗೆ ಅದೇ ಗೆಲುವು.

● ‘ಹಸಿದರೆ ತಾನೇ ತಿಂತಾನೆ ಬಿಡಿ’ ಎನ್ನುವ ಮಾತು ಈ ಮಕ್ಕಳ ವಿಷಯದಲ್ಲಿ ನಿಜವಲ್ಲ. ಮೂಗು ಹಿಡಿದು ತುತ್ತು ತುರುಕಿದರೆ ಭಯ ಹೆಚ್ಚುತ್ತದೆ.

● ಮೊದಲು ಮಕ್ಕಳ ವೈದ್ಯರನ್ನು ಕಾಣಿ. ಮಾನಸಿಕ ನೆರವಿಗೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಕನ್ನಡದಲ್ಲೇ ಮಾತನಾಡಬಹುದು. ದಯವಿಟ್ಟು ಊಟದ ತಟ್ಟೆಯ ಮುಂದೆ ಮಗುವನ್ನು ಗದರಬೇಡಿ, ಬೇರೆ ಮಕ್ಕಳಿಗೆ ಹೋಲಿಸಬೇಡಿ.