ಥಟ್ಟನೆ ಎದ್ದಾಗ ಕಣ್ಣು ಕತ್ತಲಿಡುವುದೇಕೆ?

ಮಲಗಿದ್ದವರು ಎದ್ದು ನಿಂತೊಡನೆ ಸುಮಾರು ಅರ್ಧ ಲೀಟರಿನಷ್ಟು ರಕ್ತವು ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ಸೂಕ್ಷ್ಮ ನರತುದಿಗಳು ಒತ್ತಡ ತಗ್ಗಿದುದನ್ನು ಅರಿತು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಒಡನೆ ಹೃದಯದ ಬಡಿತ ಹೆಚ್ಚಿ, ನಾಳಗಳು ಸಂಕುಚಿಸುತ್ತವೆ. ಈ ಕಾರ್ಯ ತುಸು ತಡವಾದರೂ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ.

ನೀರಿನ ಕೊರತೆ, ಮುಪ್ಪು, ಬಹುಕಾಲದ ಮಧುಮೇಹ, ರಕ್ತದೊತ್ತಡದ ಮಾತ್ರೆಗಳು ಇದಕ್ಕೆ ಕಾರಣವಾಗಬಲ್ಲವು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಕುಳಿತಾಗಿನ ಒತ್ತಡವನ್ನಷ್ಟೇ ಅಳೆದು ಕಳುಹಿಸುವುದು ರೂಢಿಯಾಗಿಬಿಟ್ಟಿದೆ. ಮಲಗಿಸಿ, ನಿಲ್ಲಿಸಿಯೂ ಅಳೆಯುವಂತೆ ವೈದ್ಯರನ್ನು ಕೇಳಿಕೊಳ್ಳಿರಿ. ನಿಂತ 3 ನಿಮಿಷಗಳೊಳಗೆ ಮೇಲಿನ ಅಂಕಿ 20 ಇಳಿದರೆ ಔಷಧದ ಪ್ರಮಾಣವನ್ನು ಅವರೇ ಮರುಪರಿಶೀಲಿಸುವರು. ವೃದ್ಧರಿಗಂತೂ ಬಿದ್ದು ಸೊಂಟದ ಮೂಳೆ ಮುರಿಯುವ ಭಯ. ರಾತ್ರಿ ಏಳುವಾಗ ಮಂಚದಂಚಿನಲ್ಲಿ ಒಂದು ನಿಮಿಷ ಕಾಲು ಇಳಿಬಿಟ್ಟು ಕುಳಿತು, ಪಾದಗಳನ್ನು ಆಡಿಸಿ, ಆಸರೆ ಹಿಡಿದು ನಿಲ್ಲಲಿ.