ಎಣ್ಣೆ ಹತ್ತಿದ ಕೈಯಲ್ಲೇ ತಂಬಾಕು: ಬಾಯಿಗೆ ಹೋಗೋದು ಬರೀ ನಿಕೋಟಿನ್ ಅಲ್ಲ
* ದ್ರಾಕ್ಷಿ ತೋಟದಿಂದ ಗ್ಯಾರೇಜಿನವರೆಗೆ ಅದೇ ರೂಢಿ * ಇ-ಸಿಗರೇಟೂ ಪರಿಹಾರವಲ್ಲ

ಜತ್ತ: ಅಕ್ಟೋಬರ್ ಛಾಟಣಿ ಮುಗಿಯಿತೆಂದರೆ ಈ ಭಾಗದ ದ್ರಾಕ್ಷಿ ತೋಟಗಳಲ್ಲಿ ಎಣ್ಣೆ ಹೊಡೆಯುವ ಕೆಲಸಕ್ಕೆ ಬಿಡುವೇ ಇರುವುದಿಲ್ಲ. ದಾವಣಿ, ಭುರಿ ಅಂತ ಒಂದಿಲ್ಲೊಂದು ರೋಗದ ಕಾಟ. ಬೆನ್ನಿನ ಪಂಪು ಕೆಳಗಿಟ್ಟ ಕೂಡಲೇ ಕೈ ಹೋಗುವುದು ತಂಬಾಕಿನ ಚಂಚಿಗೆ. ಅಂಗೈಯಲ್ಲಿ ತಂಬಾಕು, ಮೇಲೊಂದಿಷ್ಟು ಸುಣ್ಣ. ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ತುಟಿಯೊಳಗೆ ಇಟ್ಟುಕೊಂಡರೆ ದಣಿವು ಆರಿದಂತೆ. ನಡುವೆ ಕೈ ತೊಳೆಯುವವರು ಕಡಿಮೆ.

ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಪುಡಿಕೆಯ ಮೇಲಿನ ಚಿತ್ರ ನೋಡಿದ ಎಲ್ಲರಿಗೂ ಗೊತ್ತು. ಅದು ವರ್ಷಗಟ್ಟಲೆ ತಿಂದ ಮೇಲಿನ ಮಾತು ಎಂದು ಜನ ಸುಮ್ಮನಾಗುತ್ತಾರೆ. ಆದರೆ ಕೆಲಸದ ಕೈಯಲ್ಲಿ ತಂಬಾಕು ತಿಕ್ಕುವುದರ ಅಪಾಯ ಅದೇ ದಿನದ್ದು.

2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಶೇ 24.4 ಮಂದಿ ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಬೀಡಿ-ಸಿಗರೇಟು ಸೇದುವವರು ಶೇ 3.8 ಮಾತ್ರ. ಅಂದರೆ ಇಲ್ಲಿಯ ಚಟ ಹೆಚ್ಚಾಗಿ ಅಂಗೈಯದ್ದು.

ಅಂಗೈಯಿಂದ ರಕ್ತಕ್ಕೆ

ಸುಣ್ಣ ಬೆರೆತಾಗ ತಂಬಾಕಿನ ನಿಕೋಟಿನ್ ಬೇಗ ಬಿಡುಗಡೆಯಾಗಿ ಬಾಯಿಯ ತೆಳು ಪೊರೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಅದೇ ಸುಣ್ಣ ಆ ಪೊರೆಯನ್ನು ಸುಡುತ್ತದೆ ಕೂಡ. ಬೆವರಿದ ಅಂಗೈಯಲ್ಲಿ ಕೀಟನಾಶಕ ಇದ್ದರೆ ತಿಕ್ಕುವಾಗ ಅದೂ ತಂಬಾಕಿಗೆ ಅಂಟಿ, ಬಹಳ ಹೊತ್ತು ತುಟಿಯೊಳಗೇ ಕೂರುತ್ತದೆ. ಊಟದ ಜತೆ ಹೊಟ್ಟೆಗೆ ಹೋಗುವುದಕ್ಕಿಂತ ಇದು ನೆಟ್ಟಗಿನ ದಾರಿ.

ತಂಬಾಕು ನೆನೆಸಿದ ನೀರನ್ನು ಹೇನಿನ ಬಾಧೆಗೆ ಬೆಳೆಗೆ ಹೊಡೆಯುವ ಪದ್ಧತಿ ಹಳೆಯದು. ನಿಕೋಟಿನ್ ಹುಳದ ನರಕ್ಕೆ ಹೊಡೆಯುವ ವಿಷ ಎಂಬುದು ರೈತರಿಗೆ ಅನುಭವದಿಂದಲೇ ಗೊತ್ತು. ಇಂದು ಅಂಗಡಿಯಲ್ಲಿ ಸಿಗುವ ಇಮಿಡಾಕ್ಲೋಪ್ರಿಡ್ ಕೂಡ ನಿಕೋಟಿನ್ ಹಿಡಿಯುವ ಜಾಗವನ್ನೇ ಹಿಡಿಯುತ್ತದೆ.

"ತಂಬಾಕ ತಲಿಗೇರ್ಯದ"

ನಿಜವಾದ ಗಂಡಾಂತರ ಇರುವುದು ಇಲ್ಲಿ. ತಲೆ ಸುತ್ತುವುದು, ಹೊಟ್ಟೆ ತೊಳೆಸುವುದು, ವಾಂತಿ, ಬೆವರು, ಜೊಲ್ಲು: ತಂಬಾಕು ಹೆಚ್ಚಾದರೂ ಇವೇ, ಎಣ್ಣೆಯ ವಿಷ ಏರಿದರೂ ಇವೇ. ಸಾಲಿನಲ್ಲಿ ಒಬ್ಬ ಕುಸಿದು ಕುಳಿತರೆ ಜತೆಗಾರರು "ತಂಬಾಕ ತಲಿಗೇರ್ಯದ, ಸ್ವಲ್ಪ ನೆಳ್ಳಾಗ ಕೂಡು" ಎಂದು ನೀರು ಕೊಟ್ಟು ಕೂರಿಸುತ್ತಾರೆ. ವಿಷವಾಗಿದ್ದರೆ ಆ ಅರ್ಧ-ಒಂದು ತಾಸೇ ಮುಖ್ಯ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುವುದು, ಕಣ್ಣು ಮಂಜಾಗುವುದು, ಉಸಿರು ಕಟ್ಟುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಣ್ಣೆಯ ಡಬ್ಬಿಯನ್ನೂ ಜತೆಗೆ ಒಯ್ದರೆ ಯಾವ ವಿಷವೆಂದು ವೈದ್ಯರಿಗೆ ತಿಳಿಯುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ವಿಷಕ್ಕೆ ಅಟ್ರೋಪಿನ್ ಚುಚ್ಚುಮದ್ದಿದೆ, ಆದರೆ ಹೊತ್ತಿಗೆ ಸಿಗಬೇಕು.

2017ರಲ್ಲಿ ಇದೇ ರಾಜ್ಯದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಎಣ್ಣೆ ಹೊಡೆಯುವಾಗ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ಎದೆಮಟ್ಟ ಬೆಳೆದ ಹತ್ತಿ, ಎರಡು-ಮೂರು ಔಷಧಗಳ ಮಿಶ್ರಣ, ಮೈಗೆ ರಕ್ಷಣೆ ಇಲ್ಲದ್ದು ಕಾರಣ ಎಂದು ಆಗ ಚರ್ಚೆಯಾಯಿತು. ವಿಷ ಮೈಗೆ ಹತ್ತಿದರೇ ಇಷ್ಟು. ಕೈಯಾರೆ ಬಾಯಿಗೆ ಹಾಕಿಕೊಂಡರೆ?

ಗ್ಯಾರೇಜು, ಬಣ್ಣದ ಕೆಲಸ

ತೋಟದವರ ಮಾತಾಯಿತು, ಪೇಟೆಯ ಕೈಗಳೂ ಹೊರತಲ್ಲ. ಹಳೆ ಬ್ಯಾಟರಿ ಬಿಚ್ಚುವವರು, ಹಳೆ ಬಣ್ಣ ಕೆರೆಯುವವರ ಉಗುರುಸಂದಿಯಲ್ಲಿ ಸೀಸ ಉಳಿಯುತ್ತದೆ. ಅದು ಒಳಗೆ ಹೋಗುವ ದೊಡ್ಡ ದಾರಿಯೇ ಕೈ-ಬಾಯಿ. ಸೀಸ ಮೈಯಲ್ಲಿ ಕೂಡುತ್ತ ಹೋಗಿ ಹೊಟ್ಟೆನೋವು, ರಕ್ತಹೀನತೆ ತರುತ್ತದೆ. ಕೆಲಸದ ಅಂಗಿಯ ಜತೆ ಮನೆಗೆ ಬಂದರೆ ಮಕ್ಕಳ ಬುದ್ಧಿ ಬೆಳವಣಿಗೆಗೇ ಪೆಟ್ಟು. 2017ರಿಂದ ಹೊಸ ಮನೆಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರುವಂತಿಲ್ಲ, ಆದರೆ ಹಳೆ ಗೋಡೆ, ಹಳೆ ಗೇಟುಗಳ ಮೇಲಿನ ಬಣ್ಣ ಹಾಗೇ ಇದೆ. ಇನ್ನು ಪೆಟ್ರೋಲಿನಲ್ಲಿ ಕೈಯ ಗ್ರೀಸ್ ತೊಳೆದು ಅದೇ ಕೈಯಲ್ಲಿ ಬೀಡಿ ಹಚ್ಚುವುದು ಬೆಂಕಿಯ ಜತೆ ಸರಸ.

ಇ-ಸಿಗರೇಟಿನ ಭ್ರಮೆ

ಪುಣೆ, ಮುಂಬೈಗೆ ದುಡಿಯಲು ಹೋಗಿ ಬರುವ ಹುಡುಗರ ಕಿಸೆಯಲ್ಲಿ ಇ-ಸಿಗರೇಟು ಕಂಡರೆ ಅಚ್ಚರಿಯಿಲ್ಲ. ತಿಕ್ಕುವುದಿಲ್ಲ, ಕಡ್ಡಿ ಗೀರುವುದಿಲ್ಲ, ಬೂದಿ ಇಲ್ಲ. ಗ್ರೀಸಿನ ಕೈಗೆ ಇದೇ ಅನುಕೂಲ ಎಂಬುದು ಅದರ ಆಕರ್ಷಣೆ. ಆದರೆ ಕೊಳೆ ಕೈಯಿಂದ ಹಿಡಿದ ಕೊಳವೆಯೇ ಬಾಯಿಗೆ ಹೋಗುವುದು. ಒಳಗಿನ ನಿಕೋಟಿನ್ ದ್ರವ ಸೋರಿ ಚರ್ಮಕ್ಕೆ ಹತ್ತಿದರೆ ಅಲ್ಲಿಂದಲೂ ಮೈಗೆ ಇಳಿಯುತ್ತದೆ, ಗಾಯವಿದ್ದರೆ ಇನ್ನೂ ಬೇಗ. ಒದ್ದೆ ತಂಬಾಕಿನ ಎಲೆ ಮುರಿಯುವ ಕೂಲಿಗಳಿಗೆ ತಿನ್ನದೆಯೇ ವಾಂತಿ, ತಲೆಸುತ್ತು ಬರುವುದು ಇದೇ ಕಾರಣಕ್ಕೆ. ಸಾಲದ್ದಕ್ಕೆ ಅದರಲ್ಲಿ ಕಾಯಿಸುವ ಸುರುಳಿ, ಲಿಥಿಯಂ ಬ್ಯಾಟರಿ ಇವೆ. ಥಿನ್ನರ್, ಪೆಟ್ರೋಲ್ ಆವಿಯ ನಡುವೆ ಅದನ್ನು ತೆಗೆಯುವುದೂ ಅಪಾಯವೇ.

ಕಾನೂನಿನಲ್ಲೂ ಅದಕ್ಕೆ ಜಾಗವಿಲ್ಲ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ತಮ್ಮ ತಮ್ಮ ಆದೇಶದಿಂದ ನಿಷೇಧಿಸಿದವು. ಇ-ಸಿಗರೇಟಿಗೆ ಮಾತ್ರ 2019ರ ಕೇಂದ್ರ ಕಾಯ್ದೆಯೇ ಇದೆ, ಗಡಿಯ ಆಚೆಗೂ ಈಚೆಗೂ ಒಂದೇ. ಮಾರಿದವರಿಗೆ ಮೊದಲ ಸಲವೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ, ಇಲ್ಲವೆ ಎರಡೂ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರ ರೂ.ವರೆಗೆ ದಂಡ, ಇಲ್ಲವೆ ಎರಡೂ.

ಏನು ಮಾಡಬೇಕು?

* ಚಂಚಿ, ಬೀಡಿಕಟ್ಟು ಕೆಲಸದ ಅಂಗಿಯ ಕಿಸೆಯಲ್ಲಿ ಬೇಡ. ಮನೆಯಲ್ಲೋ ಗಾಡಿಯಲ್ಲೋ ಇರಲಿ.
* ತೋಟದ ಬದಿಗೆ ಒಂದು ಕೊಡ ನೀರು, ಸಾಬೂನು ಇಡುವುದು ಮಾಲೀಕರ ಕೆಲಸ. ಬರೀ ನೀರಿಗೆ ಎಣ್ಣೆ ಹೋಗದು.
* ಡಬ್ಬಿಯ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರೆಂದು ಅಸಡ್ಡೆ ಬೇಡ.
* ಕೆಲಸ ಮುಗಿದ ಮೇಲೆ ಮೈ ತೊಳೆದು, ಬಟ್ಟೆ ಬೇರೆಯಾಗಿ ಒಗೆಯಿರಿ.

ಕೈ ತೊಳೆದು ತಿಂದರೆ ಎಣ್ಣೆಯ ವಿಷ ತಪ್ಪೀತು, ತಂಬಾಕಿನದು ತಪ್ಪದು. ಬಿಡಬೇಕೆನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಈ ಸಂಖ್ಯೆ ತಂಬಾಕಿನ ಪುಡಿಕೆಯ ಮೇಲೆಯೇ ಅಚ್ಚಾಗಿರುತ್ತದೆ.