ನೀರು ಹೊರಳಿದ ಮೇಲೆಯೇ ಎಲೆಕ್ಟ್ರಾನಿನ ಜಿಗಿತ

ನೇರಳೆ ಬಣ್ಣದ ಥಯೋನಿನ್ ದ್ರಾವಣಕ್ಕೆ ತುಸು ಆಮ್ಲ, ಫೆರಸ್ ಸಲ್ಫೇಟ್ ಬೆರೆಸಿ ಪ್ರಖರ ದೀಪದೆದುರು ಇಟ್ಟರೆ ನೋಡನೋಡುತ್ತಲೇ ಬಣ್ಣ ಮಾಯವಾಗುತ್ತದೆ. ದೀಪ ಆರಿಸಿದರೆ ನೇರಳೆ ಮರಳುತ್ತದೆ. ಬೆಳಕು ಹೀರಿದ ಥಯೋನಿನ್ ಕಬ್ಬಿಣದ ಅಯಾನಿನಿಂದ ಎಲೆಕ್ಟ್ರಾನ್ ಕಸಿಯುತ್ತದೆ; ಕತ್ತಲಲ್ಲಿ ಹಿಂದಿರುಗಿಸುತ್ತದೆ.

ಇದನ್ನು ಕಂಪ್ಯೂಟರಿನಲ್ಲಿ ಕಟ್ಟಲು ಆ ಎರಡು ಕಣ ಸಾಲವು, ಸುತ್ತಲಿನ ನೀರೂ ಬೇಕು. ಎಲೆಕ್ಟ್ರಾನ್ ಎಷ್ಟು ಹಗುರವೆಂದರೆ ಅದು ಜಿಗಿಯುವಷ್ಟರಲ್ಲಿ ನೀರಿನ ಅಣು ಮಿಸುಕಲೂ ಆಗದು. ಹಾಗಾಗಿ ಶಾಖದಿಂದ ತಳ್ಳಾಡುವ ನೀರು ಮೊದಲೇ ಹೊರಳಿ, ಜಿಗಿತದ ಹಿಂದಿನ ಮತ್ತು ಮುಂದಿನ ಶಕ್ತಿ ಸಮವಾಗುವಂತೆ ನಿಲ್ಲಬೇಕು. 1956ರಲ್ಲಿ ರಸಾಯನ ವಿಜ್ಞಾನಿ ರುಡಾಲ್ಫ್ ಮಾರ್ಕಸ್ ಕಂಡದ್ದು ಇದನ್ನೇ. ಹೀಗೆ ಹೊರಳಲು ತಗಲುವ ಶಕ್ತಿ 1 ಎಲೆಕ್ಟ್ರಾನ್‌ವೋಲ್ಟ್ ಎನ್ನೋಣ. ಕ್ರಿಯೆಯಲ್ಲಿ 0.6 ಬಿಡುಗಡೆಯಾದರೆ ದಾಟಬೇಕಾದ ದಿಬ್ಬ 0.04, 1 ಬಿಡುಗಡೆಯಾದರೆ ದಿಬ್ಬವೇ ಇಲ್ಲ, 1.4 ಆದರೆ ಮತ್ತೆ 0.04! ಒಂದು ಮಿತಿ ದಾಟಿದ ಮೇಲೆ ಇಳಿಜಾರು ಕಡಿದಾದಷ್ಟೂ ಓಟ ನಿಧಾನವಾಗುವ ಈ ವಿಚಿತ್ರವನ್ನು ಮಿಲ್ಲರ್ ಮತ್ತು ಕ್ಲಾಸ್ 1984ರಲ್ಲಿ ಪ್ರಯೋಗದಿಂದ ತೋರಿಸಿದರು. ಮಾರ್ಕಸ್‌ಗೆ ನೊಬೆಲ್ ಬಂದದ್ದು 1992ರಲ್ಲಿ.

ಮಾದರಿ ಕಟ್ಟುವವರು ಬಣ್ಣದ ಅಣುವನ್ನು ಕ್ವಾಂಟಂ ಲೆಕ್ಕಕ್ಕೂ, ಸಾವಿರಾರು ನೀರಿನ ಅಣುಗಳನ್ನು ನ್ಯೂಟನ್ನನ ನಿಯಮಕ್ಕೂ ಒಪ್ಪಿಸುತ್ತಾರೆ. ಹೆಜ್ಜೆಗೆ ಒಂದು ಫೆಮ್ಟೊಸೆಕೆಂಡ್. ಒಂದು ನ್ಯಾನೊಸೆಕೆಂಡ್ ಕಾಣಲು 10 ಲಕ್ಷ ಹೆಜ್ಜೆ. ಆಗಾಗ ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: ಎಲೆಕ್ಟ್ರಾನ್ ಈಗಲೇ ಜಿಗಿದರೆ ಶಕ್ತಿಯ ಅಂತರ ಎಷ್ಟು? ಆ ಅಂಕಿ ಎಷ್ಟು ಏರಿಳಿಯುತ್ತದೆ ಎಂಬುದರಿಂದಲೇ ಮಾರ್ಕಸ್ ಹೇಳಿದ ಹೊರಳುವ ಶಕ್ತಿ ಸಿಗುತ್ತದೆ.

ಕ್ವಾಂಟಂ ಲೆಕ್ಕದ ಹೊರೆ ಇಳಿಸುವ ಒಂದು ಉಪಾಯಕ್ಕೂ ಆಂಧ್ರದ ತೀರಕ್ಕೂ ನಂಟಿದೆ. 1926ರಲ್ಲಿ ಬೆಜವಾಡ, ಅಂದರೆ ಇಂದಿನ ವಿಜಯವಾಡದಲ್ಲಿ ಆರಂಭವಾದ ಆಂಧ್ರ ವಿಶ್ವವಿದ್ಯಾಲಯ ಮುಂದೆ ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು. ರಾಮನ್ ಶಿಷ್ಯರಾದ ಸೂರಿ ಭಗವಂತಂ ಅಲ್ಲಿ ಭೌತಶಾಸ್ತ್ರ ಕಲಿಸಿದರು. ವೆಂಕಟರಾಯುಡು ಜೊತೆ ಅವರು ಬರೆದ ಗ್ರೂಪ್ ಸಿದ್ಧಾಂತದ ಪುಸ್ತಕ 1948ರಲ್ಲಿ ಹೊರಬಂತು. ಅದರ ತಿರುಳು, ಅಣುವಿನ ಸಮಮಿತಿ ಬಳಸಿ ಲೆಕ್ಕವನ್ನು ಒಡೆಯುವುದು. ನೀರಿನ ಅಣುವಿನ ಎಡ–ಬಲ ಒಂದೇ ಆದ್ದರಿಂದ ಅದರ ಮೂರು ಕಂಪನಗಳು ಎರಡು ಮತ್ತು ಒಂದು ಎಂದು ಬೇರ್ಪಡುತ್ತವೆ. ಇದು ನಿಜಕ್ಕೂ ಸುಂದರವಾದ ಗಣಿತ.

ಆದರೆ ದ್ರಾವಣದಲ್ಲಿ ಈ ರಿಯಾಯಿತಿ ಸಿಗದು. ನೆರೆಯ ಅಣುಗಳ ನೂಕಾಟದಲ್ಲಿ ಎಡ–ಬಲ ಒಂದೇ ಆಗಿ ಉಳಿಯುವುದಿಲ್ಲ. ಭಗವಂತಂ 1957ರಿಂದ 1962ರವರೆಗೆ ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈಗ 3.3 ಪೆಟಾಫ್ಲಾಪ್ ಸಾಮರ್ಥ್ಯದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ ಇದೆ. ಅಂಥ ಯಂತ್ರವೂ ನೀರನ್ನು ಹೆಜ್ಜೆ ಹೆಜ್ಜೆಯಾಗಿಯೇ ಹಿಂಬಾಲಿಸಬೇಕು.